ಆರನೇ ದಿನದ ಹಳದಿ

ಕೆ.ಆರ್. ಪೇಟೆ
20 ಜನವರಿ 2025

ಸ್ಮೃತಿ,

ಹದಿನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಆಸ್ಪತ್ರೆಯ ಕೌಂಟರಿನವಳು "ಮೇಡಂ ಆಪರೇಷನ್‌ನಲ್ಲಿದ್ದಾರೆ" ಅಂದಳು. ಮೂರು ದಿನ ಕೇಳಿದೆ, ಮೂರು ದಿನವೂ ಅದೇ ಆಪರೇಷನ್. ಅದಕ್ಕೇ ಇದನ್ನು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ನಿಮ್ಮ ಮನೆ ವಿಳಾಸ ನನಗೆ ಇನ್ನೂ ಬಾಯಿಪಾಠ. ಅಂಚೆಯವನ ಮುಂದೆ ಸಹಿ ಹಾಕಿ ತೆಗೆದುಕೊಳ್ಳಬೇಕು. ಸಹಿ ಹಾಕುವುದೆಂದರೆ ನಿನಗೆ ಭಯ ಅಂತ ಗೊತ್ತು, ಆದರೂ.

ರಂಜಿತ ನನ್ನ ತಮ್ಮ ಮಂಜುನಾಥನ ಹೆಂಡತಿ. ನವೆಂಬರ್ ಹದಿನೆಂಟಕ್ಕೆ ಕ್ಯಾತನಹಳ್ಳಿಯ ನಮ್ಮ ಆಲೆಮನೆಯಲ್ಲಿ, ಕೊಪ್ಪರಿಗೆ ಓರೆ ಮಾಡಿ ಬೆಲ್ಲದ ಪಾಕ ಸುರಿಯುವಾಗ ಕೊಕ್ಕೆ ಜಾರಿತು. ಪಾಕ ಅವಳ ಬಲಗೈ ಮೇಲೆ ಬಿತ್ತು. ಅದು ನೀರಲ್ಲ, ಬಿದ್ದು ಹರಿದುಹೋಗುವುದಕ್ಕೆ. ಅಂಟಿಕೊಂಡು ಸುಡುತ್ತದೆ. ಬೆರಳಿಂದ ಮೊಣಕೈವರೆಗೆ ಚರ್ಮ ಬಳೆಯ ಜೊತೆಗೇ ಬಂತು. ನಿಮ್ಮ ಆಸ್ಪತ್ರೆಗೆ ತಂದೆವು. ಡಾಕ್ಟರು ನೀನೆಂದು ಗೊತ್ತಾದಾಗ, ಸುಳ್ಳು ಹೇಳುವುದಿಲ್ಲ, ನನಗೆ ಧೈರ್ಯ ಬಂತು. ನೀನು ಸತ್ತ ಚರ್ಮವನ್ನೆಲ್ಲ ತೆಗೆದು ಇಪ್ಪತ್ತೆರಡಕ್ಕೆ ಕೃತಕ ಚರ್ಮ ಹಾಕಿದೆ. ಇಪ್ಪತ್ತಾರಕ್ಕೆ ಹಾಸಿಗೆ ಬೇರೆಯವರಿಗೆ ಬೇಕು ಅಂತ ಮನೆಗೆ ಕಳಿಸಿದೆ. ಡಿಸೆಂಬರ್ ಒಂದಕ್ಕೆ ಜ್ವರದಲ್ಲಿ ಪ್ರಜ್ಞೆ ತಪ್ಪಿದವಳನ್ನು ವಾಪಸ್ ತಂದೆವು. ಕೃತಕ ಚರ್ಮದ ಅಡಿಯೆಲ್ಲ ಕೀವು. ನೀನು ಅದನ್ನು ಕಿತ್ತು ಎಸೆದೆ. ಅದರ ಜೊತೆಗೆ ಅವಳ ಎರಡು ಬೆರಳನ್ನೂ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಬೆಂಕಿಯ ಪಕ್ಕ ದುಡಿಯುವವರ ಮೈಗೆ ಏನಾಗುತ್ತದೆಂದು ನಮಗೆ ನೀನು ಹೇಳಿಕೊಡಬೇಕಿಲ್ಲ. ಆದರೆ ಡಿಸೆಂಬರ್ ಹತ್ತೊಂಬತ್ತರ ಡಿಸ್ಚಾರ್ಜ್ ಚೀಟಿಯಲ್ಲಿ ನಿನ್ನ ಕೈಬರಹದಲ್ಲಿ ಒಂದು ಸಾಲು ಇದೆ. "ಮನೆಯವರು ಗಾಯಕ್ಕೆ ಅರಿಶಿನ ಹಚ್ಚಿದ್ದರಿಂದ ಸೋಂಕು." ನೀನು ಬರೆದದ್ದು ಇಂಗ್ಲಿಷಿನಲ್ಲಿ. ಊರಿನ ಆರೋಗ್ಯ ಕೇಂದ್ರದಲ್ಲಿ ಯಾರೋ ಅದನ್ನು ಕನ್ನಡ ಮಾಡಿ ಮಂಜನಿಗೆ ಗಟ್ಟಿಯಾಗಿ ಓದಿ ಹೇಳಿದರು. ಸಾಲಿನಲ್ಲಿ ನಿಂತಿದ್ದ ಹತ್ತು ಜನ ಕೇಳಿಸಿಕೊಂಡರು. ಸಂಜೆಗೆ ಊರೆಲ್ಲ ಒಂದೇ ಮಾತು: "ಬೈರಮ್ಮ ಅರಿಸ್ನ ಮೆತ್ಬುಟ್ಟು ಸೊಸೆ ಕೈ ತೆಗುದ್ಳು."

ಬೈರಮ್ಮ ನನ್ನ ಅವ್ವ. ನಾವು ಕಾಲೇಜಿನಲ್ಲಿದ್ದ ಎರಡು ವರ್ಷ ನಿನಗೂ ಬುತ್ತಿಯಲ್ಲಿ ಮುದ್ದೆ ಕಳಿಸಿದವಳು. ನಿಮ್ಮಪ್ಪ ದೇವಸ್ಥಾನದಿಂದ ಬರುವುದರೊಳಗೆ ಕೈ ತೊಳೆದುಕೊಂಡು ಬಾಯಿ ಒರೆಸಿಕೊಳ್ಳುತ್ತಿದ್ದೆಯಲ್ಲ, ಆ ಮುದ್ದೆ.

ಅವಳು ಅರಿಶಿನ ಹಚ್ಚಲಿಲ್ಲ. ಆ ಸಾಲು ಸುಳ್ಳು. ಹೊಡೆದುಹಾಕು. ಹೊಡೆದುಹಾಕಿದ್ದೇನೆಂದು ಆಸ್ಪತ್ರೆಯ ಕಾಗದದ ಮೇಲೆ ಬರೆದು ಸಹಿ ಮಾಡಿ ಕಳಿಸು. ನಾನು ಕೇಳುತ್ತಿರುವುದು ಇಷ್ಟೇ. ಬೆರಳು ವಾಪಸ್ ಕೇಳುತ್ತಿಲ್ಲ.

ಇಪ್ಪತ್ತೈದು ವರ್ಷದ ಹಿಂದೆ ಕಾಲೇಜಿನ ಹಾಸ್ಟೆಲಿನ ತೊಟ್ಟಿಯಲ್ಲಿ ಹುಳ ಬಿದ್ದ ನೀರಿನ ವಿರುದ್ಧ ನಾವಿಬ್ಬರೂ ಮನವಿ ಬರೆದೆವು. ನಿನ್ನ ಅಕ್ಷರ ದುಂಡಗಿದೆ ಅಂತ ನಿನ್ನ ಕೈಲೇ ಬರೆಸಿದ್ದು. ಪ್ರಿನ್ಸಿಪಾಲರು "ಇದು ಯಾರ ಅಕ್ಷರ" ಅಂತ ಕೇಳಿದಾಗ ನೀನು ನೆಲ ನೋಡಿದೆ. ನಾನು ಕೈ ಎತ್ತಿದೆ. ಕಾಲೇಜಿನಿಂದ ಹೊರಹಾಕಿದರು, ನನಗೆ ಒಂದು ವರ್ಷ ಹೋಯಿತು. ನಿನಗೆ ಮೆಡಿಕಲ್ ಸೀಟು ಸಿಕ್ಕಿತು. ಆಗ ಪೆಟ್ಟು ತಿಂದ ಮೈ ನನ್ನದು, ಈಗ ನನ್ನ ಅವ್ವನದು. ಅಕ್ಷರ ಮಾತ್ರ ಯಾವಾಗಲೂ ನಿನ್ನದೇ.

ಉತ್ತರ ಬೇಕು.

ಪ್ರಮೀಳಾ

*

ಶ್ರೀರಂಗಪಟ್ಟಣ
9 ಫೆಬ್ರವರಿ 2025

ಪ್ರಮೀಳಾ ಅವರಿಗೆ,

ನಿಮ್ಮ ಪತ್ರ ತಲುಪಿತು. ನಿಮ್ಮ ಕುಟುಂಬದ ನೋವು ನನಗೆ ಅರ್ಥವಾಗುತ್ತದೆ. ಹಳೆಯ ವಿಷಯಗಳನ್ನು ಇದಕ್ಕೆ ಬೆರೆಸಬಾರದೆಂದು ವಿನಂತಿ.

ಕೃತಕ ಚರ್ಮವೆಂದರೆ ಏನೆಂದು ನಿಮಗೆ ತಿಳಿಸುವುದು ಒಳ್ಳೆಯದು. ಅದು ಚರ್ಮವಲ್ಲ, ಚರ್ಮ ಹಬ್ಬುವುದಕ್ಕೆ ಕಟ್ಟುವ ಚಪ್ಪರ. ಕೆಳಗೆ ಹಸುವಿನ ಮೈಯ ನಾರಿನಿಂದ ಮಾಡಿದ ಸ್ಪಂಜಿನಂಥ ಪದರ, ಮೇಲೆ ತೆಳುವಾದ ಸಿಲಿಕಾನ್ ಹಾಳೆ. ರೋಗಿಯ ರಕ್ತನಾಳಗಳು ಬಳ್ಳಿಯ ಹಾಗೆ ಆ ಪದರಕ್ಕೆ ಹಬ್ಬಲು ಎರಡು ಮೂರು ವಾರ ಬೇಕು. ಹಬ್ಬಿದ ಮೇಲೆ ಹಾಳೆ ತೆಗೆದು, ರೋಗಿಯ ತೊಡೆಯಿಂದ ತೆಳ್ಳಗೆ ಚರ್ಮ ಎತ್ತಿ ಮೇಲೆ ಹಾಕುತ್ತೇವೆ. ಚೆನ್ನಾಗಿ ಕೂಡಿಕೊಂಡರೆ ಕೈ ಮಡಚುತ್ತದೆ, ಬೆರಳು ಮುಷ್ಟಿಯಾಗುತ್ತದೆ. ಬರೀ ತೊಡೆಯ ಚರ್ಮ ಹಾಕಿದ್ದರೆ ಕೈ ಸೆಟೆದುಕೊಳ್ಳುವ ಭಯ ಹೆಚ್ಚು. ರಂಜಿತ ಅವರ ವಯಸ್ಸು ನೋಡಿ, ದುಡಿಯುವ ಕೈ ಅಂತಲೇ ನಾನು ಇದನ್ನು ಆರಿಸಿದ್ದು.

ಇದರ ಅಪಾಯ ಒಂದೇ. ಆ ಎರಡು ಮೂರು ವಾರ ಅದರೊಳಗೆ ರಕ್ತವಿರುವುದಿಲ್ಲ. ರಕ್ತವಿಲ್ಲದ ಕಡೆ ದೇಹದ ಕಾವಲು ಹೋಗುವುದಿಲ್ಲ. ಸೂಜಿಯಲ್ಲಿ ಕೊಟ್ಟ ಔಷಧವೂ ಸರಿಯಾಗಿ ತಲುಪುವುದಿಲ್ಲ. ಕ್ರಿಮಿ ಹೊಕ್ಕರೆ ಹಾಳೆಯಡಿ ಬೆಚ್ಚಗೆ ಬೆಳೆಯುತ್ತದೆ. ಆದ್ದರಿಂದಲೇ ಮನೆಯಲ್ಲಿ ಶುಚಿತ್ವ ಮುಖ್ಯ. ರಂಜಿತ ಅವರನ್ನು ಮರಳಿ ಕರೆತಂದಾಗ ಬಟ್ಟೆಯ ಅಂಚು, ಹಾಳೆಯ ಅಡಿ, ಎರಡೂ ಹಳದಿಯಾಗಿತ್ತು. ನಮ್ಮ ಕಡೆ ಗಾಯಕ್ಕೆ ಅರಿಶಿನ ಹಚ್ಚುವುದು ರೂಢಿ. ನಾನು ಕಂಡದ್ದನ್ನು ಬರೆದೆ. ಯಾರ ಹೆಸರನ್ನೂ ಬರೆದಿಲ್ಲ. 'ಮನೆಯವರು' ಎಂದು ಮಾತ್ರ ಬರೆದಿದ್ದೇನೆ.

ದಾಖಲೆಯನ್ನು ಒಬ್ಬಳೇ ಬದಲಿಸುವ ಅಧಿಕಾರ ನನಗಿಲ್ಲ. ನಿಮ್ಮ ತಾಯಿಯವರಿಗೆ ನಮಸ್ಕಾರ ತಿಳಿಸಿ.

ಇತಿ,
ಡಾ. ಸ್ಮೃತಿ

*

ಕೆ.ಆರ್. ಪೇಟೆ
24 ಫೆಬ್ರವರಿ 2025

ಸ್ಮೃತಿ,

'ನೀವು' ಅಂತ ಬರೆದಿದ್ದೀಯ. ಒಳ್ಳೆಯದು. ಗ್ಲೌಸು ಹಾಕಿಕೊಂಡು ಬರೆದ ಹಾಗಿದೆ.

ಯಾರ ಹೆಸರನ್ನೂ ಬರೆದಿಲ್ಲವಂತೆ. ನಮ್ಮಂಥ ಮನೆಗಳಲ್ಲಿ 'ಮನೆಯವರು' ಅಂದರೆ ಯಾರು? ಗಂಡಸರು ಯಾರಾದರೂ ಅರಿಶಿನದ ಡಬ್ಬಿ ಮುಟ್ಟುತ್ತಾರಾ? ಆ ಒಂದು ಪದ ಬರೆದಾಗಲೇ ನೀನು ಅವ್ವನ ಕಡೆ ಬೆರಳು ತೋರಿಸಿ ಆಗಿತ್ತು.

ಆ ಬೆರಳು ಏನೇನು ಮಾಡಿದೆ, ಕೇಳು.

ಮಂಜ ಅವ್ವನ ಮುಂದೆ ಚೀಟಿ ಎಸೆದು "ನಿನ್ ಹಳೇ ಕಾಲದ್ ಬುದ್ಧಿ ನನ್ ಎಂಡ್ರ ಕೈ ತಿಂತು ಕಣವ್ವ" ಅಂದ. ಅವ್ವ "ನಾನು ಮುಟ್ಟಿಲ್ಲ ಕಣ್ಲಾ ಮಗ" ಅಂದಳು. "ಅಂಗಾದ್ರೆ ಡಾಕ್ಟ್ರು ಸುಳ್ಳು ಬರೀತಾರಾ?" ಅಂದ ಅವನು. ಅಲ್ಲಿಗೆ ಮಾತು ಮುಗಿಯಿತು. ಡಾಕ್ಟರು ಸುಳ್ಳು ಬರೆಯುವುದಿಲ್ಲ. ಇದು ಈ ನಾಡಿನ ನಂಬಿಕೆ, ನಿನ್ನ ಭಾಗ್ಯ. ರಂಜಿತ "ಅತ್ತೆ ಏನೂ ಅಚ್ಚಿಲ್ಲ" ಅಂತ ಎಲ್ಲರಿಗೂ ಹೇಳುತ್ತಾಳೆ. ಯಾರೂ ಕೇಳುವುದಿಲ್ಲ. ಜ್ವರದಲ್ಲಿದ್ದವಳಿಗೇನು ಗೊತ್ತು ಅನ್ನುತ್ತಾರೆ. ಇಲ್ಲವೇ, ಅತ್ತೆಗೆ ಹೆದರಿ ಹಾಗಂತಾಳೆ ಅನ್ನುತ್ತಾರೆ.

ಮೊನ್ನೆ ಅವ್ವನ ತವರು ಬಿಂಡಿಗನವಿಲೆಯಲ್ಲಿ ಮದುವೆ. ಅವಳ ತಮ್ಮನ ಮೊಮ್ಮಗಳು ಸ್ನೇಹ ಮದುಮಗಳು. ಆ ಮನೆಯಲ್ಲಿ ಮೂವತ್ತು ವರ್ಷದಿಂದ ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಒನಕೆಗೆ ಮೊದಲು ಕೈ ಹಾಕುವವಳು ಬೈರಮ್ಮ. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವಳ ತಮ್ಮನ ಹೆಂಡತಿ ಅಣ್ಣಮ್ಮ ಬಂದು ತೋಳು ಹಿಡಿದಳು. "ನೀ ಕೂತ್ಕೊ ಅಕ್ಕ, ಬಸ್ಸಲ್ ಬಂದು ಸುಸ್ತಾಗಿದ್ದೀಯ." ಅವ್ವ "ಸುಸ್ತಿಲ್ಲ ಬುಡವ್ವ" ಅಂದಳು. "ಕೂತ್ಕೊ ಅಕ್ಕ. ಮಗೀನ್ ಮದ್ವೆ." ಹಿಂದಿನಿಂದ ಯಾವಳೋ ನಕ್ಕಳು. ಅವ್ವ ಕೂತಳು. ಊಟಕ್ಕೂ ಏಳಲಿಲ್ಲ. ಬರುತ್ತಾ ಬಸ್ಸಿನಲ್ಲಿ ನಾಗಮಂಗಲ ದಾಟುವವರೆಗೂ ತನ್ನ ಎರಡು ಅಂಗೈಯನ್ನೇ ನೋಡಿಕೊಂಡು ಕೂತಿದ್ದಳು. ಮನೆಗೆ ಬಂದವಳೇ ಅರಿಶಿನದ ಡಬ್ಬಿ ತೆಗೆದುಕೊಂಡು ಹೋಗಿ ಆಲೆಮನೆಯ ಒಲೆಗೆ ಸುರಿದಳು. ಈಗ ಆ ಮನೆಯ ಸಾರು ಬೆಳ್ಳಗೆ ಹೆಣದ ಮನೆಯ ಸಾರಿನ ಹಾಗಿರುತ್ತದೆ. ಅಪ್ಪ ತಲೆ ಬಗ್ಗಿಸಿ ಅದನ್ನೇ ಉಣ್ಣುತ್ತಾನೆ. ನಲವತ್ತು ವರ್ಷ ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳುತ್ತಿದ್ದವನು.

ಇನ್ನೊಂದು ಹೇಳಬೇಕು. ಇದು ನಿನ್ನ ಮುಖಕ್ಕಲ್ಲ, ನನ್ನದಕ್ಕೆ. ಊರೂರಿನ ಧರಣಿಯಲ್ಲಿ ಮೈಕು ಹಿಡಿದು ಹೆಣ್ಣಿನ ಮಾತು ನಂಬಿ ಅಂತ ಕೂಗಿದವಳು ನಾನು. ಆ ಚೀಟಿ ನೋಡಿದ ದಿನ ಅವ್ವನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ ಕೇಳಿದೆ: "ನಿಜ ಹೇಳವ್ವ, ಒಂಚೂರಾದ್ರೂ ಅಚ್ಚಿದ್ಯಾ?" ಒಂದು ಸಲ ಅಲ್ಲ. ಮೂರು ಸಲ.

ಈಗ ನಿನ್ನ ಸರದಿ. ಹಾಳೆ ಕಿತ್ತಾಗ ಕೀವನ್ನು ಪರೀಕ್ಷೆಗೆ ಕಳಿಸಿದಿರಿ. ನರ್ಸು ಗಾಜಿನ ಕೊಳವೆಯಲ್ಲಿ ತೆಗೆದುಕೊಂಡು ಹೋದದ್ದನ್ನು ನಾನೇ ನೋಡಿದೆ. ಆ ಫಲಿತಾಂಶ ನಮಗೆ ಕೊಟ್ಟ ಕಾಗದಗಳಲ್ಲಿ ಇಲ್ಲ. ಎಲ್ಲಿದೆ? ಯಾವ ಕ್ರಿಮಿ? ಯಾವ ತಾರೀಕು? ಅರಿಶಿನದ ಕ್ರಿಮಿ ಅಂತ ಒಂದಿದ್ದರೆ ಅದರ ಹೆಸರು ಬರೆದು ಕಳಿಸು. ನಮ್ಮ ಶಾಲೆಯ ಮಕ್ಕಳಿಗೆ ಪಾಠ ಮಾಡುತ್ತೇನೆ.

ಪ್ರಮೀಳಾ

*

ಕೆ.ಆರ್. ಪೇಟೆ
30 ಮಾರ್ಚ್ 2025, ಯುಗಾದಿ

ಸ್ಮೃತಿ,

ಒಂದು ತಿಂಗಳು ದಾಟಿತು. ಅಂಚೆಯವನ ಚೀಟಿ ನನ್ನ ಹತ್ತಿರ ಇದೆ, ನಿನ್ನ ಸಹಿಯೂ ಇದೆ. ಪತ್ರ ತೆಗೆದುಕೊಳ್ಳಲು ಸಹಿ ಬರುತ್ತದೆ, ಉತ್ತರಕ್ಕೆ ಬರುವುದಿಲ್ಲ.

ಹಬ್ಬದ ದಿನ ಅವ್ವ ಒಬ್ಬಟ್ಟು ಮಾಡಲಿಲ್ಲ. "ನನ್ ಕೈಲಿ ಮಾಡಿದ್ದ ಯಾರ್ ತಿಂತಾರೆ?" ಅಂದಳು. ಮಂಜ ಆ ಮಾತನ್ನು ತಳ್ಳಿಹಾಕಲಿಲ್ಲ.

ಪ್ರಮೀಳಾ

*

ಕ್ಯಾತನಹಳ್ಳಿ
9 ಏಪ್ರಿಲ್ 2025

ಡಾಕ್ಟ್ರಮ್ಮೋರಿಗೆ ಮುದ್ದಯ್ಯ ಮಾಡೋ ನಮಸ್ಕಾರ.

ನಾನು ಪ್ರಮೀಳನ ಅಪ್ಪ. ಓದಿರೋದು ನಾಕ್ನೇ ಕ್ಲಾಸು, ತಪ್ಪಿದ್ರೆ ತಿದ್ಕಂಡು ಓದಿ. ಈ ಕಾಗ್ದ ಬರ್ದಿರೋದು ನನ್ ಮಗಳಿಗೆ ಗೊತ್ತಿಲ್ಲ. ಗೊತ್ತಾಗೋದೂ ಬ್ಯಾಡ.

ನಲವತ್ತು ವರ್ಸದಿಂದ ನಾನು ಪಾಕ ನೋಡೋನು. ಸುತ್ತ ಏಳೂರಲ್ಲಿ ಮುದ್ದಯ್ಯ ಪಾಕದ್ ಅದ ಬಂತು ಅಂದ್ರೆ ಬಂತು. ಬಣ್ಣ ನೋಡ್ತೀನಿ, ವಾಸ್ನೆ ತಗೋತೀನಿ, ಕೊಪ್ಪರಿಗೆ ಇಳ್ಸಿ ಅಂತೀನಿ. ಒಂದ್ ಸಲಾನೂ ತಪ್ಪಿಲ್ಲ.

ಸೊಸೆಗೆ ನೀವು ಆ ತೊಗಲು ಆಕಿದ್ ಮಾರ್ನೇ ದಿವ್ಸ ವಾರ್ಡಲ್ಲಿ ನನ್ನ ಕೇಳುದ್ರಿ, ಏನ್ ಕೆಲ್ಸ ಯಜಮಾನ್ರೆ ಅಂತ. ಬೆಲ್ಲ ಕಾಯ್ಸೋದು ಅಂದೆ. ನೀವು ನಗ್ತಾ, "ಹಾಗಾದರೆ ನಿಮಗೆ ಹೇಳೋದು ಸುಲಭ. ಮೊದಲು ಕೆಂಪಗಿರುತ್ತೆ, ಆಮೇಲೆ ಒಳ್ಳೆ ಬೆಲ್ಲದ ಬಣ್ಣಕ್ಕೆ ತಿರುಗುತ್ತೆ. ತಿರುಗಿದರೆ ಕೂಡಿಕೊಂಡಿತು ಅಂತ" ಅಂದ್ರಿ. ಯಾವ್ದರ ತೊಗಲು ಅಂದೆ. ಹಸುವಿನ ನಾರು ಅಂದ್ರಿ. ಹಾಲೂ ಕೊಡ್ತು ತೊಗಲೂ ಕೊಡ್ತು, ಬುಡಿ ಅಂದೆ. ನೀವು ಇನ್ನೂ ನಕ್ಕುದ್ರಿ. ಬರೋವಾಗ ನರ್ಸಮ್ಮ ಕೆಟ್ಟ ವಾಸ್ನೆ ಬಂದ್ರೆ ತಕ್ಷಣ ಕರ್ಕಂಡ್ ಬನ್ನಿ ಅಂದ್ರು.

ಆರ್ನೇ ದಿವ್ಸ ನಮ್ಮೂರ ಆರೋಗ್ಯ ಕೇಂದ್ರದೋರು ಮ್ಯಾಲಿನ್ ಬಟ್ಟೆ ಬದ್ಲಾಯ್ಸುವಾಗ ಆ ಗಾಜಿನಂಗಿರೋ ಆಳೆ ಅಡೀಲಿ ನೋಡ್ದೆ. ಬೆಲ್ಲದಂಗೆ ಒಂಬಣ್ಣಕ್ಕೆ ತಿರುಗಿತ್ತು. ವಾಸ್ನೆ ತಗಂಡೆ. ಕೆಟ್ಟ ವಾಸ್ನೆ ಅಲ್ಲ ತಾಯಿ. ಸೀ ವಾಸ್ನೆ. ಮಾಗಿದ್ ಅಣ್ಣಿನ ವಾಸ್ನೆ ತರ. ಆಲೆಮನೆ ಪಕ್ಕದ್ ಮನೆ ನಮ್ದು, ಮನೆಯೆಲ್ಲ ಸೀ ವಾಸ್ನೇನೆ. ಮನೆಯೋರ್ನೆಲ್ಲ ಕರ್ದು, ಅದ ಬಂತು ಕಣ್ರಪ್ಪ ಅಂತ ಸಾರ್ಬುಟ್ಟೆ. ಮಂಜ ಬೆಲ್ಲ ಅಂಚ್ದ.

ನನ್ ಎಂಡ್ರು ಬೈರಿ ಒಬ್ಳೇ ಅಂದ್ಳು, "ಯಾಕೋ ಮಗೀನ್ ಮೈ ಕಾಯ್ತಾ ಅದೆ, ಕಣ್ಣು ಮಂಕಾಗವೆ, ಇವತ್ತೇ ಕರ್ಕಂಡ್ ಓಗನ" ಅಂತ. ನಾನು, ಪಾಕ ನೋಡೋಳು ನೀನೋ ನಾನೋ, ಸುಮ್ಕಿರು ಅಂದೆ. ಅವ್ಳು ಮೂರ್ ದಿವ್ಸ ಬೇಡ್ಕಂಡ್ಳು. ನಾನು ಗಾಡಿ ಕಟ್ಸ್ಲಿಲ್ಲ.

ಆಮ್ಯಾಕೆ ನಿಮ್ ಚೀಟಿ ಬಂತು. ಎಲ್ರೂ ಅವ್ಳ ಮ್ಯಾಕೆ ಬಿದ್ರು. ಅವ್ಳು ನನ್ ಮಕ ನೋಡುದ್ಳು. ನಾನು ಒಲೆಗೆ ಕಬ್ಬಿನ್ ಸಿಪ್ಪೆ ತಳ್ತಾ ಕೂತ್ಕಂಡೆ. ಇವತ್ಗೂ ಅವ್ಳು ನನ್ನ ಒಂದ್ ಮಾತು ಕೇಳಿಲ್ಲ. ಕೇಳಿದ್ರೆ ವಾಸಿಯಾಗಿತ್ತು.

ಅಮ್ಮಾ, ಚೀಟೀಲಿ ಬರ್ದಿರೋ ಆ ಗೀಟು ಒಡ್ದಾಕಿ. ಆದ್ರೆ ನನ್ ಎಸ್ರು ಎಲ್ಲೂ ಬರ್ದೇ ಇರೋ ಅಂಗೆ ಒಡ್ದಾಕಿ. ಮುದ್ದಯ್ಯನ ಕಣ್ಣು ಸುಳ್ಳಾಯ್ತು ಅಂದ್ರೆ ನಾಳೆಯಿಂದ ಯಾವನೂ ನನ್ನ ಕೊಪ್ಪರಿಗೆ ಅತ್ರಕ್ಕೆ ಕರಿಯಲ್ಲ. ಅದೊಂದ್ ಬುಟ್ರೆ ನನ್ ತಾವ ಇನ್ನೇನೂ ಇಲ್ಲ.

ಒಂದ್ ಮಾತ್ಗೆ ಉತ್ರ ಕೊಡಿ. ಆವತ್ತೇ ಕರ್ಕಂಡ್ ಬಂದಿದ್ರೆ ಬೆರಳು ಉಳೀತಿದ್ವಾ?

ಮುದ್ದಯ್ಯ

*

ಶ್ರೀರಂಗಪಟ್ಟಣ
2 ಜೂನ್ 2025

ಪ್ರಮೀಳಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಇದರ ಜೊತೆ ಎರಡು ಕಾಗದ ಇವೆ. ಒಂದು, ನೀನು ಕೇಳಿದ ಪರೀಕ್ಷೆಯ ಫಲಿತಾಂಶ. ಇನ್ನೊಂದು, ಆಸ್ಪತ್ರೆಯ ಕಾಗದದ ಮೇಲೆ ನಾನು ಸಹಿ ಮಾಡಿದ ತಿದ್ದುಪಡಿ. ಎರಡನ್ನೂ ಯಾರ ಒಪ್ಪಿಗೆಯೂ ಇಲ್ಲದೆ ಕಳಿಸುತ್ತಿದ್ದೇನೆ.

ಫಲಿತಾಂಶದ ತಾರೀಕು ನೋಡು. ಡಿಸೆಂಬರ್ ಐದು. ನಾನು ಡಿಸ್ಚಾರ್ಜ್ ಚೀಟಿ ಬರೆದದ್ದು ಹತ್ತೊಂಬತ್ತಕ್ಕೆ. ಹದಿನಾಲ್ಕು ದಿನ ಅದು ನನ್ನ ಮೇಜಿನ ಮೇಲಿತ್ತು. ಆ ಕ್ರಿಮಿ ನೀರಿನಲ್ಲಿ ಬದುಕುತ್ತದೆ. ಆಸ್ಪತ್ರೆಯ ನಲ್ಲಿ, ಸಿಂಕು, ತೇವದ ಮೂಲೆ ಅದರ ಮನೆ. ಅದರ ಕೀವು ಹಳದಿ, ಹಸಿರು ಹಳದಿ. ಎಷ್ಟೋ ಸಲ ನಾರುವುದಿಲ್ಲ, ಹಣ್ಣಿನ ಹಾಗೆ ಸಿಹಿ ವಾಸನೆ ಬರುತ್ತದೆ. ಆ ವಾರ ನಮ್ಮ ವಾರ್ಡಿನಲ್ಲಿ ಇನ್ನಿಬ್ಬರಿಗೆ ಅದೇ ಕ್ರಿಮಿ ಬಂದಿತ್ತು. ಬ್ಯಾಂಡೇಜು ಬಿಚ್ಚುವ ಕೋಣೆಯ ನಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿದೆವು. ಅಲ್ಲೂ ಅದೇ. ಸದ್ದಿಲ್ಲದೆ ನಲ್ಲಿ ಬದಲಾಯಿಸಿದರು. ಮೇಲಿನವರು "ಕಾರಣದ ಜಾಗದಲ್ಲಿ ಏನಾದರೂ ಬರೆಯಬೇಕಲ್ಲ ಡಾಕ್ಟರ್" ಅಂದರು. ನನ್ನ ಕಣ್ಣಿಗೆ ಬಟ್ಟೆಯ ಅಂಚಿನ ಹಳದಿ ಬಂತು. ಕೈ ತಾನೇ ಬರೆಯಿತು. ನನಗೆ ಗೊತ್ತಿತ್ತು, ಪ್ರಮೀಳಾ. ಬರೆಯುವಾಗಲೇ ಗೊತ್ತಿತ್ತು, ಅದು ಅರಿಶಿನವಲ್ಲ ಎಂದು.

ರಂಜಿತಳನ್ನು ಇನ್ನೂ ಹತ್ತು ದಿನವಾದರೂ ಇಟ್ಟುಕೊಳ್ಳಬೇಕಿತ್ತು. ಆ ಚರ್ಮ ಹಾಕಿದವರನ್ನು ಐದನೇ ದಿನ ಆಲೆಮನೆಯ ಪಕ್ಕಕ್ಕೆ ಕಳಿಸಬಾರದು. ನಾನು ಹೇಳಿದೆ, ಆದರೆ ಮೆಲ್ಲಗೆ ಹೇಳಿದೆ. ಮೇಲಿನವರು ಹಾಸಿಗೆ ಖಾಲಿ ಮಾಡಿಸಿದರು. ನಾನು ಸಹಿ ಮಾಡಿದೆ.

ಇನ್ನೊಂದು. ಬೆಲ್ಲದ ಬಣ್ಣಕ್ಕೆ ತಿರುಗಿದರೆ ಕೂಡಿಕೊಂಡಿತು ಎಂದು ನಿಮ್ಮ ಅಪ್ಪನಿಗೆ ಹೇಳಿದವಳು ನಾನು. ಆ ಬಣ್ಣ ಬರಬೇಕಾದದ್ದು ಮೂರನೇ ವಾರದಲ್ಲಿ. ಬಣ್ಣ ಹೇಳಿದೆ, ದಿನ ಹೇಳಲಿಲ್ಲ. ಆರನೇ ದಿನದ ಹಳದಿ ಕೀವೇ ಎಂದು ಹೇಳಲಿಲ್ಲ. ಅವರ ಕೆಲಸದ ಮಾತಿನಲ್ಲಿ ಹೇಳಿದೆನಲ್ಲಾ ಎಂದು ನನ್ನನ್ನು ನಾನೇ ಮೆಚ್ಚಿಕೊಂಡು ಮುಂದಿನ ಹಾಸಿಗೆಗೆ ಹೋದೆ. ಆವತ್ತೇ ಕರೆತಂದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಯಾರಾದರೂ ಕೇಳಿದರೆ, ಉಳಿಯಬಹುದಿತ್ತು. ಆದರೆ ಆ ದಿನ ಯಾವುದೆಂದು ಅವರಿಗೆ ಹೇಳದವಳು ನಾನು.

ನನ್ನ ಅಪ್ಪನಿಗೆ ಈ ವಿಷಯ ಹೇಳಿದೆ. ಸಹಿ ಮಾಡುವ ಮೊದಲು ನಿನ್ನ ಕೆಲಸದ ಬಗ್ಗೆ ಯೋಚನೆ ಮಾಡು ಅಂದರು. ಇಪ್ಪತ್ತೈದು ವರ್ಷದ ಹಿಂದೆಯೂ ಅದೇ ಮಾತು ಹೇಳಿದ್ದರು. ಆಗ ಅವರ ಮಾತು ಕೇಳಿದೆ.

ಬೈರಮ್ಮನವರ ಕಾಲಿಗೆ ಬೀಳಬೇಕು. ಕರೆದರೆ ಬರುತ್ತೇನೆ.

ಸ್ಮೃತಿ

*

ಕ್ಯಾತನಹಳ್ಳಿ
21 ಜೂನ್ 2025

ಡಾಕ್ಟರ್ ಮೇಡಂ,

ನಾನು ರಂಜಿತ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಆರು ತಿಂಗಳು ಎಲ್ಲರೂ ನನ್ನ ಕೈಯ ಬಗ್ಗೆ ಕಾಗದ ಬರೆದರು. ನನಗೆ ಯಾರೂ ಬರೆಯಲಿಲ್ಲ. ಅದಕ್ಕೆ ನಾನೇ ಕಲಿತೆ. ಈ ಒಂದು ಪತ್ರಕ್ಕೆ ನಾಲ್ಕು ದಿನ ಹಿಡಿದಿದೆ.

ನಿಮ್ಮ ಕಾಗದ ಬಂದ ವಾರದ ಭಾನುವಾರ ಪ್ರಮೀಳಕ್ಕ ಕೆ.ಆರ್. ಪೇಟೆಯಿಂದ ಬಂದು ಎಲ್ಲರನ್ನೂ ಆಲೆಮನೆಗೆ ಕರೆದರು. ಬಿಂಡಿಗನವಿಲೆಯಿಂದ ಅಣ್ಣಮ್ಮನನ್ನೂ ಕರೆಸಿದ್ದರು. ಕಬ್ಬು ಹೊರುವವರು, ಅಕ್ಕಪಕ್ಕದವರು, ಎಲ್ಲ ನಿಂತಿದ್ದರು. ಅಕ್ಕ ಧರಣಿಯಲ್ಲಿ ಓದುವ ಹಾಗೆ ಗಟ್ಟಿಯಾಗಿ ಓದಿದರು. ಅರಿಶಿನವಲ್ಲ ಅನ್ನುವ ಮಾತು ಬಂದಾಗ ನನ್ನ ಗಂಡ ಅತ್ತುಬಿಟ್ಟ. ಅಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಬೆಲ್ಲದ ಬಣ್ಣದ ಮಾತು ಬಂದಾಗ ಎಲ್ಲರೂ ಮಾವನ ಕಡೆ ತಿರುಗಿದರು. ಮಾವ ಕೊಪ್ಪರಿಗೆಯ ಮೇಲೆ ಬಗ್ಗಿ, ಇಲ್ಲದ ನೊರೆ ತೆಗೆಯುತ್ತಿದ್ದರು. ಅದ ಬಂತು ಅಂತ ಅವರು ಕೂಗಿದ್ದು ಆವತ್ತು ನನ್ನ ಕಿವಿಗೂ ಬಿದ್ದಿತ್ತು. ನಾನೂ ಹೇಳಿರಲಿಲ್ಲ. ಹೇಳಿದರೆ ಈ ಮನೆಯಲ್ಲಿ ಒಲೆ ಉರಿಯುವುದಿಲ್ಲ ಅಂತ ಹೆದರಿದೆ. ಅಷ್ಟರ ಮಟ್ಟಿಗೆ ನಾನೂ ನಿಮ್ಮ ಜೊತೆಯವಳೇ.

ಓದಿದ್ದು ಮುಗಿಯಿತು. ಮಂಜುನಾಥ ಹೋಗಿ ಅತ್ತೆಯ ಕಾಲು ಹಿಡಿದ. ಅತ್ತೆ ಕಾಲು ಹಿಂದಕ್ಕೆ ಎಳೆದುಕೊಂಡರು. ಅವರು ಅಂದದ್ದನ್ನು ಅಂದಹಾಗೇ ಬರೆಯುತ್ತೇನೆ.

"ಓದಿದ್ದಾಯ್ತಾ? ನಾನು ಅಚ್ಚಿಲ್ಲ ಅಂತ ಕಾಗ್ದ ಏಳ್ತು, ನಂಬಿದ್ರಿ. ನಾನು ಏಳ್ದಾಗ ಏನಾಗಿತ್ರಲಾ ನಿಮ್ಗೆ? ನಾಳೆ ಇನ್ನೊಂದು ಕಾಗ್ದ ಬಂದು ಅಚ್ಚಿದ್ಳು ಅಂದ್ರೆ ಅದ್ನೂ ನಂಬ್ತೀರಿ. ಓಗಿ, ಕಬ್ಬು ಒಣಗ್ತಾ ಅದೆ."

ಪ್ರಮೀಳಕ್ಕನ ಕೈಯಲ್ಲಿ ಕಾಗದ ಹಾಗೇ ಇತ್ತು. ಅತ್ತೆ ಅವರ ಮುಖ ಕೂಡ ನೋಡದೆ ಒಳಕ್ಕೆ ಹೋದರು. ಅಣ್ಣಮ್ಮ ಅಡಿಗೆಮನೆಯಲ್ಲಿ ಒಂದು ಪೊಟ್ಟಣ ಅರಿಶಿನ ಇಟ್ಟು ಹೋಗಿದ್ದಳು. ಇವತ್ತಿಗೂ ಅದನ್ನು ಬಿಚ್ಚಿಲ್ಲ. ಮನೆಯ ಸಾರು ಇನ್ನೂ ಬೆಳ್ಳಗೇ ಇದೆ. ಮಾವನನ್ನು ಈಗ ಪಾಕ ನೋಡಲು ಯಾರೂ ಕರೆಯುವುದಿಲ್ಲ. ಅವರು ಬಂದು ಒಲೆಯ ಹತ್ತಿರ ಸುಮ್ಮನೆ ಕೂರುತ್ತಾರೆ. ಅತ್ತೆ ಅವರಿಗೆ ಹೊತ್ತು ಹೊತ್ತಿಗೆ ತಟ್ಟೆ ಇಟ್ಟು ಒಳಕ್ಕೆ ಹೋಗುತ್ತಾರೆ.

ನೀವು ಬಂದು ಕಾಲಿಗೆ ಬೀಳುತ್ತೇನೆ ಅಂದಿದ್ದೀರಿ. ಬರಬೇಡಿ. ಬಂದರೆ ಅತ್ತೆ ನಿಮಗೆ ಮುದ್ದೆ ಇಕ್ಕುತ್ತಾರೆ, ನೀವು ಉಂಡು ಹಗುರಾಗಿ ಹೋಗುತ್ತೀರಿ. ಅದು ನನಗೆ ಇಷ್ಟವಿಲ್ಲ.

ಬರೆಯಲು ಕೂತದ್ದು ಬೇರೆ ಒಂದನ್ನು ಕೇಳುವುದಕ್ಕೆ. ಸುಟ್ಟಗಾಯದ ವಾರ್ಡಿನಲ್ಲಿ ನನ್ನ ಎಡಗಡೆ ಹಾಸಿಗೆಯಲ್ಲಿ ಬೂಕನಕೆರೆಯ ಒಬ್ಬ ತಾತ ಇದ್ದರು. ಬಿಸಿನೀರಿನ ಹಂಡೆ ಉರುಳಿ ಕಾಲು ಬೆಂದಿತ್ತು. ಅವರ ಹೆಂಡತಿ ದಿನಾ ನೆಲದ ಮೇಲೆ ಮಲಗಿ, ಬೆಳಿಗ್ಗೆ ನನಗೂ ತಲೆ ಬಾಚುತ್ತಿದ್ದರು. ಬಲಗಡೆಗೆ ನಾಗಮಂಗಲದ ಕಡೆಯ ಅರ್ಪಿತ ಅನ್ನುವ ಹುಡುಗಿ. ಸ್ಟೌ ಸಿಡಿದು ಕತ್ತು ಬೆಂದಿತ್ತು. ಮೂವರಿಗೂ ಒಂದೇ ಕೋಣೆಯಲ್ಲಿ, ಒಂದೇ ನಲ್ಲಿಯ ಹತ್ತಿರ ಬ್ಯಾಂಡೇಜು ಬಿಚ್ಚುತ್ತಿದ್ದರು. ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ಸದ್ದು ಹಾಸಿಗೆಯವರೆಗೂ ಕೇಳುತ್ತಿತ್ತು, ರಾತ್ರಿಯೆಲ್ಲ ಎಣಿಸುತ್ತಿದ್ದೆ.

ಇನ್ನಿಬ್ಬರಿಗೆ ಅದೇ ಕ್ರಿಮಿ ಬಂತು ಅಂತ ನಿಮ್ಮ ಕಾಗದದಲ್ಲಿ ಬರೆದಿದ್ದೀರಿ. ಅಕ್ಕ ಅದನ್ನು ಓದಿದರು, ಎಲ್ಲರೂ ಕೇಳಿದರು. ಆದರೆ ಆ ಇನ್ನಿಬ್ಬರು ಯಾರು ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಮ್ಮ ಮನೆಯ ಗೀಟು ಅಳಿಸಿತು, ಸಾಕು ಅಂತ ಎದ್ದು ಹೋದರು.

ನನಗೆ ಸಾಕಾಗಿಲ್ಲ ಮೇಡಂ. ಕಾರಣದ ಜಾಗದಲ್ಲಿ ಏನಾದರೂ ಬರೆಯಬೇಕಲ್ಲ. ತಾತನ ಚೀಟಿಯಲ್ಲಿ ಆ ಅಜ್ಜಿ ಏನು ಹಚ್ಚಿದಳು ಅಂತ ಬರೆದಿರಿ? ಅರ್ಪಿತಳ ಚೀಟಿಯಲ್ಲಿ ಅವಳ ತಾಯಿ ಏನು ಹಚ್ಚಿದಳು?

ಈ ಪತ್ರವನ್ನೂ ರಿಜಿಸ್ಟರ್ ಮಾಡಿಸಿದ್ದೇನೆ. ಸಹಿ ಮಾಡಿ ತೆಗೆದುಕೊಳ್ಳಿ.

ರಂಜಿತ